ಹೂ ಬಿಟ್ಟ ಮೇಲೆ ಬಂದ ಹಣ

ಶಾಲೆ ಪಕ್ಕದ ಸರ್ಕಾರಿ ಬಯಲಿನ ಕಳೆ ಕೀಳಿಸಲು ಹಣ ಬರುವಷ್ಟರಲ್ಲಿ ಪಾರ್ಥೇನಿಯಂ ಹೂ ಬಿಟ್ಟು ಬೀಜ ಕಟ್ಟಿತ್ತು. ಆ ಗಿಡದ ಗಾಳಿಗೇ ಅದೇ ಶಾಲೆಯಲ್ಲಿ ಓದುವ ತನ್ನ ಮೊಮ್ಮಗಳಿಗೆ ಉಬ್ಬಸ ಏಳುತ್ತಿದ್ದುದರಿಂದ ಮುದುಕ ತಾನೇ ಕೂಲಿಗೆ ಬಂದಿದ್ದ.

"ಹೂವಿಗೆ ಮುಂಚೆ ಕೀಳ್ಬೇಕಿತ್ತು ಮೇಸ್ತ್ರಿ. ಈಗ ಅಲ್ಲಾಡಿಸಿದ್ರೆ ಬೀಜ ಉದುರುತ್ತೆ."

"ತಿಂಗಳು ಮುಗಿದ್ರೆ ಹಣ ವಾಪಸ್ ಹೋಗುತ್ತಜ್ಜ. ಬೇಗ ಕೀಳು."

ಮುದುಕ ಪ್ರತಿ ಗಿಡದ ತಲೆಗೂ ಒದ್ದೆ ಗೋಣಿಚೀಲ ಹೊದಿಸಿ, ಆಮೇಲೆ ಬುಡಕ್ಕೆ ಕೈ ಹಾಕುತ್ತಿದ್ದ.

"ಏನಜ್ಜ, ಮದುಮಗಳಿಗೆ ಮುಸುಕು ಹಾಕ್ತಿದ್ದೀಯಾ?" ಎಂದು ಮೇಸ್ತ್ರಿ ನಕ್ಕ.

ಮಧ್ಯಾಹ್ನ ದಾಟಿದ ಮೇಲೆ ಉಳಿದ ಕೂಲಿಯವರು ಕಿತ್ತ ರಾಶಿಯನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿ, ಮೇಲೆ ಏನೂ ಮುಚ್ಚದೆ ಶಾಲೆಯ ಗೇಟಿನ ಮುಂದೆಯೇ ಸಾಗಿಸಿದರು. ದಾರಿಯುದ್ದಕ್ಕೂ ಬಿಳಿ ಹೂ ಹಿಟ್ಟಿನಂತೆ ಉದುರಿತು.

ಶಾಲೆ ಬಿಡುವ ಗಂಟೆ ಹೊಡೆದಾಗ ಮುದುಕ ಮಂಡಿಯೂರಿ, ಅದೇ ಒದ್ದೆ ಚೀಲದಿಂದ ಗೇಟಿನ ಮುಂದಿನ ರಸ್ತೆ ಒರೆಸುತ್ತಲೇ ಇದ್ದ.