ಮಿಸ್ ಫನೂ ಎಲ್ಲಿ?

ಕಾರಿನಿಂದ ಇಳಿದೊಡನೆ ರೇಣುಕಾದೇವಿಯವರ ಮೂಗಿಗೆ ಬಡಿದದ್ದು ಸೀಮೆಎಣ್ಣೆಯ ವಾಸನೆ. ಚಿಕ್ಕಂದಿನಲ್ಲಿ ಗದಗಿನ ಮನೆಯಲ್ಲಿ ಅವ್ವ ಬೆಳಗಾಗುತ್ತಲೇ ಪಂಪ್ ಸ್ಟೋವಿಗೆ ಗಾಳಿ ಹಾಕಿ, ಪಿನ್ನು ಚುಚ್ಚಿ, ಕಡ್ಡಿ ಗೀರುತ್ತಿದ್ದಳು. ಭುಸ್ಸೆಂದು ನೀಲಿ ಉರಿ ಏಳುವ ಮೊದಲು ಅಡುಗೆಮನೆ ತುಂಬ ಇದೇ ವಾಸನೆ. ಅಮೆರಿಕದ ಕೆಳಗಿನ ಈ ಪುಟ್ಟ ದ್ವೀಪದಲ್ಲಿ ಅದು ವಿಮಾನದ ಎಣ್ಣೆಯದು. ರಸ್ತೆಗೂ ವಿಮಾನಕ್ಕೂ ನಡುವೆ ಇದ್ದದ್ದು ತಗಡಿನ ಸೂರಿನ ಒಂದು ಕಟ್ಟಡ, ಅದರ ಪಕ್ಕ ಒಂದು ಸಾಲು ತೆಂಗಿನ ಮರ, ಅಷ್ಟೇ.

"ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಅಂತ ಬೋರ್ಡ್ ಹಾಕ್ಯಾರಲ್ಲೋ! ನಮ್ಮ ಗದಗಿನ ಬಸ್ ಸ್ಟ್ಯಾಂಡ್ ಇದಕ್ಕಿಂತ ದೊಡ್ಡದೈತಿ," ಅಂದರು ಮಗನಿಗೆ.

"ಛಲೋ ಆತಲ್ಲ, ದಾರಿ ತಪ್ಪೋ ಚಿಂತಿ ಇಲ್ಲ," ಎಂದು ನಕ್ಕ ಸಿದ್ಧಲಿಂಗೇಶ್. ಅವನು ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. "ನನ್ನ ಒಳಗ ಬಿಡಂಗಿಲ್ಲವ್ವ. ಸುಮ್ನ ಕುಂತಿರು. ಹೆಸರು ಕರದ್ರ ಎದ್ದು ಹೋಗು, ಮುಗೀತು."

ಹೆಸರು ಕರೆದರೆ ಎದ್ದು ಹೋಗುವುದರಲ್ಲಿ ಏನು ಕಷ್ಟ? ರೇಣುಕಾದೇವಿ ಧಾರವಾಡದಲ್ಲಿ ಬಿ.ಎ. ಓದಿದವರು, ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಆದರೂ ಅವರಿಗೆ ಸಮಾಧಾನವಿರಲಿಲ್ಲ. ಅಟ್ಲಾಂಟದ ಹತ್ತಿರದ ಅಲ್ಫರೆಟಾದಲ್ಲಿ ಮಗಳು ಸಿದ್ದೇಶ್ವರಿಗೆ ನಾಳೆ ಬೆಳಿಗ್ಗೆ ಸಿಸೇರಿಯನ್. ಇನ್ನೂ ಸಮಯವಿದೆಯೆಂದು ಇವರು ಮಗನ ಮನೆಗೆ ಬಂದು ಕೂತಿದ್ದರು, ಅಷ್ಟರಲ್ಲಿ ಡಾಕ್ಟರು ತಡ ಮಾಡುವುದು ಬೇಡ ಅಂದಿದ್ದರು. ಅಟ್ಲಾಂಟದ ಈ ವಿಮಾನ ತಪ್ಪಿದರೆ ಮುಂದಿನದು ಭಾನುವಾರವೇ. ಹಿಂದಿನ ಹೆರಿಗೆಗೆ ವೀಸಾ ಸಿಗದೆ ಇವರಿಗೆ ಹೋಗಲಾಗಿರಲಿಲ್ಲ. ಮಗು ಉಳಿಯಲಿಲ್ಲ. ಎರಡಕ್ಕೂ ಸಂಬಂಧವಿಲ್ಲವೆಂದು ಸಿದ್ದೇಶ್ವರಿಗೂ ಗೊತ್ತು. ಆದರೂ ನಿನ್ನೆ ಫೋನಿನಲ್ಲಿ, "ಅವ್ವಾ, ನಿನ್ನ ಮಾರಿ ನೋಡೇ ನಾ ಆಪರೇಷನ್‌ಗೆ ಹೋಗಾಕಿ," ಅಂದಿದ್ದಳು.

ಒಳಗೆ ಬ್ಯಾಗು ಕೊಟ್ಟು, ತಪಾಸಣೆ ಮುಗಿಸಿ, ಸೀಲಿಂಗ್ ಫ್ಯಾನಿನ ಕೆಳಗೆ ಒಂದು ಕುರ್ಚಿ ಹಿಡಿದರು. ಹೊರಗೆ ಹೋಗುವ ಬಾಗಿಲು ಎರಡು. ಒಂದರ ಮೇಲೆ ಒಂದು ಅಂತ, ಇನ್ನೊಂದರ ಮೇಲೆ ಎರಡು ಅಂತ ಬರೆದಿತ್ತು. ಎರಡೂ ತೆರೆಯುವುದು ಅದೇ ಬಯಲಿಗೆ. ಅಟ್ಲಾಂಟದವರು ಒಬ್ಬೊಬ್ಬರಾಗಿ ಎದ್ದುಹೋದರೂ, ಹೆಸರು ಕರೆಯಲಿ ಎಂದು ಇವರು ಬೇರೆ ವಿಮಾನದವರ ನಡುವೆ ಕೂತೇ ಇದ್ದರು.

ಮೂಲೆಯ ಸ್ಪೀಕರ್ ಗೊರಗೊರ ಅಂದಿತು. "ಮಿಸ್ ಫನೂ, ಮಿಸ್ ಫನೂ, ದಯವಿಟ್ಟು ಕೌಂಟರಿಗೆ ಬನ್ನಿ."

ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕರೆ.

"ಪಾಪ, ಯಾರೋ ಏನೋ," ಅಂದರು ರೇಣುಕಾದೇವಿ, ಪಕ್ಕದಲ್ಲಿ ಹುಲ್ಲಿನ ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ ದಪ್ಪನೆಯ ಹೆಂಗಸಿಗೆ.

"ಎಲ್ಲೋ ಹರಟೆ ಹೊಡೀತಿರಬೇಕು," ಅಂದಳು ಆಕೆ. "ಕೆಲವರಿಗೆ ವಿಮಾನಾನೂ ತಮ್ಮ ಮನೆ ಗಾಡಿ ಇದ್ದ ಹಾಗೆ, ಕಾಯ್ತದೆ ಅನ್ಕೋತಾರೆ."

ರೇಣುಕಾದೇವಿಯವರಿಗೆ ಸುಮ್ಮನಿರಲಾಗಲಿಲ್ಲ. ಆ ಫನೂಗೂ ಎಲ್ಲಾದರೂ ಒಬ್ಬ ಮಗಳಿದ್ದರೆ? ಎದ್ದುಹೋಗಿ ಹೆಂಗಸರ ಟಾಯ್ಲೆಟ್ಟಿನ ಬಾಗಿಲು ಮೆಲ್ಲಗೆ ತಟ್ಟಿದರು. "ಮಿಸ್ ಫನೂ, ಒಳಗಿದ್ದೀರಾ? ನಿಮ್ಮನ್ನ ಕರೀತಿದ್ದಾರೆ."

"ನಾನು ಗ್ಲೋರಿಯಾ!" ಎಂದು ಒಳಗಿಂದ ಸಿಡುಕಿನ ದನಿ ಬಂತು. "ಗ್ಲೋರಿಯಾಗಾದ್ರೂ ಸ್ವಲ್ಪ ನೆಮ್ಮದಿ ಕೊಡಿ!"

ಅಷ್ಟರಲ್ಲಿ ಕೌಂಟರಿನಲ್ಲಿದ್ದ ಆರ್ಲೀನ್ ಎಂಬಾಕೆ ಕೈಯಲ್ಲಿ ವಾಕಿಟಾಕಿ ಹಿಡಿದು ತಾನೇ ಹಾಲಿಗೆ ಬಂದಿದ್ದಳು.

"ಟಾಯ್ಲೆಟ್ಟಿನಲ್ಲಿ ನೋಡಿದೆನಮ್ಮ, ಫನೂ ಅಲ್ಲಿಲ್ಲ," ಅಂದರು ರೇಣುಕಾದೇವಿ.

"ನೀವು ತುಂಬಾ ಒಳ್ಳೆಯವರು," ಅಂದಳು ಆರ್ಲೀನ್, ಬೆವರು ಒರೆಸಿಕೊಂಡು. "ಆಕೆಯ ವೀಸಾ ಒಂದ್ಸಲ ನೋಡಬೇಕಿತ್ತು. ಇನ್ನು ಕಾಯೋಕಾಗಲ್ಲ. ಬ್ಯಾಗ್ ಇಳಿಸೋಕೆ ಹೇಳಿಬಿಟ್ಟೆ."

ಎಲ್ಲರೂ ಗಾಜಿನ ಗೋಡೆಯತ್ತ ನೋಡಿದರು. ಹೊರಗೆ ಬಿಸಿಲಲ್ಲಿ ನರೆತ ಗಡ್ಡದ ಲೋಡರ್ ಒಬ್ಬ, ಉಣ್ಣೆ ಟೋಪಿಯಲ್ಲಿ ದೊಡ್ಡ ಜಟೆ ತುರುಕಿಕೊಂಡವನು, ವಿಮಾನದ ಹೊಟ್ಟೆಯಿಂದ ಒಂದು ಕಂದು ಬ್ಯಾಗು ಇಳಿಸುತ್ತಿದ್ದ. ಅದರ ಹಿಡಿಕೆಗೆ ಇಳಕಲ್ ಸೀರೆಯ ಕೆಂಪು ಸೆರಗಿನ ಚೂರು ಕಟ್ಟಿತ್ತು.

ಅಯ್ಯ, ಫನೂನೂ ನಮ್ಮಂಗ ಸೆರಗಿನ ಗುರುತು ಕಟ್ಟ್ಯಾಳಲ್ಲ, ಅನ್ನಿಸಿತು ಅವರಿಗೆ. ಮರುಗಳಿಗೆ ಗಾಜಿಗೆ ಮುಖ ಹಚ್ಚಿ ನೋಡಿದರು. ಬಾಣಂತಿಗೆ ತಿನ್ನಿಸಲು ಅಂಟಿನುಂಡಿ, ಅಳವಿ ಬೀಜ, ಹೊಟ್ಟೆಗೆ ಕಟ್ಟಲು ಮೆತ್ತನೆಯ ಹಳೆ ಸೀರೆ, ಎಲ್ಲ ಆ ಬ್ಯಾಗಿನಲ್ಲಿದ್ದವು.

"ಅದು ನಂದು! ನನ್ನ ಬ್ಯಾಗು!"

"ಅಂದ್ರೆ ನೀವೇ ಮಿಸ್ ಫನೂ?"

"ಅಲ್ಲ, ನಾನು ರೇಣುಕಾದೇವಿ!"

ಆರ್ಲೀನ್ ಅವರ ಕೈಯಲ್ಲಿದ್ದ ಬೋರ್ಡಿಂಗ್ ಪಾಸ್ ತೆಗೆದುಕೊಂಡು ಒಂದು ಕಡೆ ಬೆರಳಿಟ್ಟಳು. ರೇಣುಕಾದೇವಿ, ಆಮೇಲೆ ಎಫ್, ಎನ್, ಯು.

ಆಗ ನೆನಪಾಯಿತು. ಅವರ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಒಂದೇ ಹೆಸರು. ಅಮೆರಿಕದವರಿಗೆ ಎರಡು ಬೇಕು. ಹಾಗಾಗಿ ವೀಸಾದಲ್ಲಿ ರೇಣುಕಾದೇವಿ ಅನ್ನುವುದನ್ನೇ ಮನೆತನದ ಹೆಸರು ಮಾಡಿ, ಮೊದಲ ಹೆಸರು ಗೊತ್ತಿಲ್ಲ, ಅಂದರೆ ಫಸ್ಟ್ ನೇಮ್ ಅನ್‌ನೋನ್, ಎಂಬುದಕ್ಕೆ ಆ ಮೂರು ಅಕ್ಷರ ಹಾಕಿದ್ದರು. ಟಿಕೆಟ್ಟೂ ಹಾಗೇ ಆಗಿತ್ತು. ಅದನ್ನೇ ಆರ್ಲೀನ್ ಫನೂ ಎಂದು ಓದಿದ್ದಳು.

"ನಮ್ಮಲ್ಲಿ ದೊಡ್ಡವರನ್ನ ಬರೀ ಮನೆತನದ ಹೆಸರಿಂದ ಕರೆಯೋಲ್ಲ," ಅಂದಳು ಆರ್ಲೀನ್ ಅಳುಮುಖ ಮಾಡಿ. "ಮಿಸ್ ಅಂತ ಸೇರಿಸಿ ಮೊದಲ ಹೆಸರು ಹೇಳ್ತೀವಿ. ನಾನು ಗೌರವ ಕೊಟ್ಟೆ ಕಣಮ್ಮ!"

"ತಪ್ಪು ನಿಂದಲ್ಲ. ನಾಳೆ ನನ್ನ ಮಗಳಿಗೆ ಆಪರೇಷನ್. ನಾನು ಇವತ್ತೇ ಹೋಗಬೇಕು," ಎಂದು ಪಾಸ್‌ಪೋರ್ಟ್ ಬಿಚ್ಚಿ ಅವಳ ಮುಂದೆ ಹಿಡಿದರು.

ಆರ್ಲೀನ್ ನಿಂತಲ್ಲೇ ವೀಸಾ ನೋಡಿದಳು. ವಾಕಿಟಾಕಿಯನ್ನು ಬಾಯಿಗೆ ಹಿಡಿದಳು. "ಫನೂ ಸಿಕ್ಕಿದಳು. ಇಷ್ಟು ಹೊತ್ತು ನನ್ನ ಜೊತೆ ತನ್ನನ್ನೇ ಹುಡುಕ್ತಿದ್ದಳು. ಬ್ಯಾಗ್ ಮತ್ತೆ ಹತ್ತಿಸೋವರೆಗೆ ಬಾಗಿಲು ಹಾಕಬೇಡಿ. ಮಗಳ ಹೆರಿಗೆ ಇದೆ."

ಟೋಪಿಯ ಹೆಂಗಸು ಗಾಳಿ ಹಾಕುವುದನ್ನು ನಿಲ್ಲಿಸಿದ್ದಳು. ಟಾಯ್ಲೆಟ್ಟಿನಿಂದ ಹೊರಬಂದ ಗ್ಲೋರಿಯಾ ಕೂಡ ಒದ್ದೆ ಕೈಯಲ್ಲೇ ನಿಂತುಬಿಟ್ಟಳು.

"ಬೇಗ ಬರಲಿ," ಅಂದಿತು ವಾಕಿಟಾಕಿ.

"ಓಡು ಫನೂ, ಓಡು!" ಎಂದು ಟೋಪಿಯ ಹೆಂಗಸು ಕೂಗಿದಳು. ಹಾಲಿಗೆ ಹಾಲೇ ನಕ್ಕಿತು. ರೇಣುಕಾದೇವಿ ನಿರಿಗೆ ಎತ್ತಿಹಿಡಿದು ಓಡಿದರು.

ಬಯಲಿನಲ್ಲಿ ಜಟೆಯ ಲೋಡರ್ ಆಗಲೇ ಬ್ಯಾಗನ್ನು ಒಳಗೆ ದೂಡಿ ಕಾಯುತ್ತಿದ್ದ. ಅವರ ಕೈಚೀಲ ಇಸಿದುಕೊಂಡು, ತನ್ನ ಉದ್ದ ಕಾಲುಗಳನ್ನು ಅವರ ನಡಿಗೆಗೆ ಹೊಂದಿಸಿ ಪಕ್ಕದಲ್ಲೇ ನಡೆದ.

"ನಿಮಗೆ ಎರಡೆರಡು ಸಲ ಕೆಲಸ ಕೊಟ್ಟೆ," ಅಂದರು ಏದುಸಿರು ಬಿಡುತ್ತ.

"ಮೂರು ಸಲ, ತಾಯಿ. ಹತ್ತಿಸಿದೆ, ಇಳಿಸಿದೆ, ಮತ್ತೆ ಹತ್ತಿಸಿದೆ," ಎಂದು ಅವನು ನಕ್ಕ. ಮೆಟ್ಟಿಲ ಬುಡದಲ್ಲಿ ಅವರು ಕಂಬಿ ಹಿಡಿದು ನಿಂತದ್ದನ್ನು ನೋಡಿ, "ಏನಾದ್ರೂ ತಿಂದಿದ್ದೀರಾ?" ಅಂದ.

"ಗಾಬರಿಯಲ್ಲಿ ಇಲ್ಲ. ವಿಮಾನದಲ್ಲಿ ಕೊಡ್ತಾರಲ್ಲ?"

"ಹ್ಯಾಮ್ ಸ್ಯಾಂಡ್‌ವಿಚ್ ಕೊಡ್ತಾರೆ."

"ನಾನು ಮಾಂಸ ತಿನ್ನೋದಿಲ್ಲ."

"ನಮ್ಮ ಪಂಥದಲ್ಲೂ ಇಲ್ಲ," ಎಂದು ಅವನು ಜಟೆ ಮುಟ್ಟಿಕೊಂಡು ತೋರಿಸಿದ. ಗದಗಿನ ಕಡೆ ಜಟೆಯವರನ್ನು ಕಂಡರೆ ಕೈ ತಾನಾಗಿ ಮೇಲೇಳುತ್ತಿತ್ತು. ಇಲ್ಲಿಯೂ ಎದ್ದಿತು. ಅವನೂ ಕೈಮುಗಿದ.

ಮುಂದಿನ ಸಾಲಿನಲ್ಲೇ ಅವರ ಸೀಟು. ಇಡೀ ವಿಮಾನ ತನಗಾಗಿ ಕಾದಿದೆ. ಯಾರೂ ಮುಖ ಗಂಟಿಕ್ಕಿರಲಿಲ್ಲ. ನಾಳೆ ಬೆಳಿಗ್ಗೆ ಸಿದ್ದೇಶ್ವರಿ ತನ್ನ ಮಾರಿ ನೋಡಿಯೇ ಒಳಗೆ ಹೋಗುತ್ತಾಳೆ. ರೇಣುಕಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಾಗಿಲು ಮುಚ್ಚಬೇಕು ಅನ್ನುವಾಗ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಲೋಡರ್ ಬಾಗಿ ಒಳಗೆ ಬಂದು, ತನ್ನ ಊಟದ ಬೆಚ್ಚಗಿನ ಡಬ್ಬಿ ಅವರ ಮಡಿಲಲ್ಲಿಟ್ಟ. ತೆಂಗಿನ ಹಾಲಲ್ಲಿ ಬೇಯಿಸಿದ ಅನ್ನ, ಕಾಳು, ಎರಡು ತುಂಡು ಸುಟ್ಟ ಬಾಳೆಕಾಯಿ. ಜೇಬಿನಿಂದ ಚಮಚ ತೆಗೆದು ಅಂಗಿಗೆ ಒರೆಸಿ ಅದರ ಮೇಲಿಟ್ಟು ಇಳಿದುಹೋದ.