ಹದಿನಾರು ಮೈಕ್ರಾನ್

ನಾನು ಕಿರುಬೆರಳಿನ ಒಂದು ಗೆಣ್ಣಿನಷ್ಟಿರುವ ಪಿಂಗಾಣಿ ತುಂಡು. ಪೀಜೊ ಆಕ್ಚುಯೇಟರ್ ಎನ್ನುತ್ತಾರೆ. ವಿದ್ಯುತ್ ಕೊಟ್ಟರೆ ಉದ್ದವಾಗುತ್ತಿದ್ದೆ, ತೆಗೆದರೆ ಮೊದಲಿನಂತಾಗುತ್ತಿದ್ದೆ. ಬೇರೆ ಕೆಲಸ ಬರುತ್ತಿರಲಿಲ್ಲ.

ಸೀಸ ಬೆರೆತ ಪುಡಿಯನ್ನು ತೆಳು ಹಾಳೆ ಮಾಡಿ, ನಡುನಡುವೆ ಬೆಳ್ಳಿ ಬಳಿದು, ಒಂದರ ಮೇಲೊಂದು ಒತ್ತಿ ನನ್ನನ್ನು ಸುಟ್ಟರು. ಆಮೇಲೆ ಬಿಸಿ ಎಣ್ಣೆಯಲ್ಲಿ ಮುಳುಗಿಸಿ ಭಾರಿ ವೋಲ್ಟೇಜ್ ಹರಿಸಿದರು. ಆಗಿನಿಂದ ನನ್ನೊಳಗಿನ ಕಣಗಳು ಒಂದೇ ದಿಕ್ಕಿಗೆ ಮುಖಮಾಡಿದವು. ಏಜೆಂಟನೊಬ್ಬನ ಕಪಾಟಿನಲ್ಲಿ ಒಂದು ವರ್ಷ ಕೂತೆ. ಅಲ್ಲಿಂದ ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಬಂದೆ.

ಅಲ್ಲಿ ತ್ರಿವೇಣಿ ಹಡಪದ ಪಿಎಚ್‌ಡಿ ಮಾಡುತ್ತಿದ್ದಳು. ಬೇರಿಂಗ್, ತಿರುಪು ಏನೂ ಇಲ್ಲದ ಉಕ್ಕಿನ ಸನ್ನೆಕೋಲೊಂದನ್ನು ಅವಳು ಕೊರೆಸಿದ್ದಳು. ಬೇರಿಂಗ್ ಇದ್ದಲ್ಲಿ ಸಡಿಲವಿರುತ್ತದೆ, ಸಡಿಲವಿದ್ದಲ್ಲಿ ಅಳತೆ ತಪ್ಪುತ್ತದೆ. ನಾನು ತಳ್ಳಿದರೆ ಸನ್ನೆ ಬಾಗಿ ಪುಟ್ಟ ಕನ್ನಡಿಯೊಂದು ತಿರುಗುತ್ತಿತ್ತು. ನೂರೈವತ್ತು ವೋಲ್ಟಿಗೆ ಹದಿನಾರು ಮೈಕ್ರಾನ್, ಎಂದರೆ ಕೂದಲಿನ ದಪ್ಪದ ಐದನೆಯ ಒಂದು ಪಾಲು. ಶ್ರಾವಣದಲ್ಲಿ ನನ್ನ ಚಲನೆಯ ಗ್ರಾಫನ್ನು ಅವಳು ಮೂವತ್ತು ಸಲ ತೆಗೆದಳು. ಒಂದು ಗೆರೆಯೂ ತಪ್ಪಲಿಲ್ಲ.

ದಸರೆ ರಜೆಗೆ ಮುಂಚಿನ ದಿನ ಕಾಲೇಜಿನಲ್ಲಿ ಖಂಡೇ ಪೂಜೆ, ಎಂದರೆ ಆಯುಧಪೂಜೆ. ಅದೇ ಮಧ್ಯಾಹ್ನ ಅವಳ ಸಂಶೋಧನೆಯನ್ನು ಪರೀಕ್ಷಿಸುವ ಸಮಿತಿಯವರು ಬರುವವರಿದ್ದರು. ಅವರೆದುರು ಕನ್ನಡಿ ತಿರುಗದಿದ್ದರೆ ಅವಳ ಪಿಎಚ್‌ಡಿ ಅಲ್ಲಿಗೇ ನಿಲ್ಲುತ್ತಿತ್ತು. ಲ್ಯಾಬಿನ ಅಟೆಂಡರ್ ಈರಬಸಪ್ಪ ಎಲ್ಲ ಯಂತ್ರಗಳಿಗೂ ವಿಭೂತಿ ಹಚ್ಚುತ್ತ ಬಂದ.

"ಕಾಕಾ, ಇದಕ್ಕೂ ಹಚ್ರಿ," ಎಂದಳು ತ್ರಿವೇಣಿ.

"ಇದರ ಹಣಿ ಎಲ್ಲೈತೋ ತಿಳೀವಲ್ದಲ್ಲವ್ವಾ."

"ಎಲ್ಲಿ ಹಚ್ಚಿದ್ರೂ ನಡೀತೈತಿ."

ನಡೆಯುವುದಿಲ್ಲ. ನನ್ನ ಮೈಮೇಲೆ ಎರಡು ಬೆಳ್ಳಿಪಟ್ಟಿಗಳಿದ್ದವು, ಒಂದು ಪ್ಲಸ್, ಒಂದು ಮೈನಸ್. ಹಿಂದಿನ ದಿನ ತಂತಿ ಬೆಸೆಯಲು ಅವಳೇ ಅವುಗಳ ಮೇಲಿನ, ವಿದ್ಯುತ್ ತಡೆಯುವ ಅರಗಿನ ಲೇಪವನ್ನು ಕೆರೆದಿದ್ದಳು. ಈರಬಸಪ್ಪನ ಮೂರು ಒದ್ದೆ ಬೆರಳು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ವಿಭೂತಿ ಎಳೆದವು. ಪೂಜೆಯದ್ದನ್ನು ಒರೆಸಬಾರದು ಎಂದು ಅವಳು ಹಾಗೇ ಬಿಟ್ಟಳು. ಊಟವಾದ ಮೇಲೆ ಸ್ವಿಚ್ ಹಾಕಿದಳು. ಇನ್ನೂ ಆರದ ವಿಭೂತಿಯ ಗೆರೆಯುದ್ದಕ್ಕೂ ನೀಲಿ ಕಿಡಿ ಹಾರಿತು. ನಾನು ನಡುವೆ ಸೀಳಿಹೋದೆ.

"ಹೋತು," ಎಂದಳು.

ಈರಬಸಪ್ಪ ಓಡಿ ಬಂದ. "ನಾ ಹಚ್ಚಿದ್ದಕ್ಕ ಆತೇನು? ಹಂಗಿದ್ರ ನನ್ನ ಹೆಸರ ಹೇಳ್ರಿ. ರಿಟೈರಾಗೋ ಮುದಕಗ ಏನ್ ಮಾಡ್ತಾರ?"

"ನಿಮ್ಮ ಹೆಸರ ಹೇಳಿದ್ರ ಕನ್ನಡಿ ತಿರಗತೈತೇನ್ರಿ?"

ಅವಳು ಲ್ಯಾಪ್‌ಟಾಪ್ ತೆರೆದು ಶ್ರಾವಣದಲ್ಲಿ ತೆಗೆದಿಟ್ಟ ಗ್ರಾಫಿನ ಫೈಲ್ ಹಾಕಿದಳು. ನನಗೆ ಅರ್ಥವಾಗಲಿಲ್ಲ. ಸಮಿತಿಯವರು ಬಂದರು. ಅವರಲ್ಲಿ ಹಿರಿಯರೊಬ್ಬರು ಕನ್ನಡಕ ಏರಿಸಿ ನನ್ನ ಮೇಲೆ ಬಾಗಿದರು.

"ಈಗ ತಿರಗಾಕತ್ತೈತೇನವಾ?"

"ತಿರಗಾಕತ್ತೈತ್ರಿ ಸರ್."

"ಕಣ್ಣಿಗೆ ಕಾಣವಲ್ದು."

"ಕಾಣಂಗಿಲ್ರಿ. ಅಷ್ಟ ಸಣ್ಣದು."

ಪರದೆಯ ಮೇಲೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಹದಿನಾರು ಮೈಕ್ರಾನ್. ನಾನು ಸತ್ತು ಬಿದ್ದಿದ್ದೆ, ಅಲ್ಲಿ ನಾನು ನಡೆಯುತ್ತಿದ್ದೆ. ಒಂದು ಮೈಕ್ರಾನ್ ತಪ್ಪಿದರೆ ಇಡೀ ದಿನದ ಲೆಕ್ಕ ಹರಿದು ಹಾಕುತ್ತಿದ್ದ ಕೈ ತ್ರಿವೇಣಿಯದು. ಅದು ಈಗ ಶ್ರಾವಣದ ಗೆರೆಯನ್ನು ಇವತ್ತಿನದೆಂದು ತೋರಿಸುತ್ತಿತ್ತು. ಹಿರಿಯರು ಸಹಿ ಹಾಕಿದರು. ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಈರಬಸಪ್ಪ ಒಳಗೆ ಬಂದು ಎಲ್ಲರಿಗೂ ಚಹಾ ಕೊಟ್ಟ. ಅವಳಿಗೆ ಕೊಡಲಿಲ್ಲ.

ಈಗ ನಾನು ಅದೇ ಲ್ಯಾಬಿನ ಗಾಜಿನ ಕಪಾಟಿನಲ್ಲಿದ್ದೇನೆ. ಅವಳು ಅಲ್ಲೇ ಮೇಡಂ ಆಗಿದ್ದಾಳೆ. ಕಾಣದಷ್ಟು ಸಣ್ಣ ಕೆಲಸ ಮಾಡುವವರನ್ನು ಜನ ನಂಬಲೇಬೇಕು, ಬೇರೆ ದಾರಿಯಿಲ್ಲ. ಅದು ನನಗೆ ಆ ಮಧ್ಯಾಹ್ನದವರೆಗೆ ಗೊತ್ತಿರಲಿಲ್ಲ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದು ಇದು ಈಗಲೂ ನಡೀತೈತೇನ್ರಿ ಎಂದು ಕೇಳುತ್ತಾರೆ. ಸುಟ್ಟು ಹೋಗೇತಿ ಎನ್ನುತ್ತಾಳೆ. ಯಾವತ್ತು ಸುಟ್ಟಿತು ಎಂದು ಇದುವರೆಗೆ ಯಾರೂ ಕೇಳಿಲ್ಲ.