ಮೂವರು ಸಾಕ್ಷಿಗಳು, ಒಂದೇ ಮಾತು

ದೈವಶಾಸ್ತ್ರ ಕಾಲೇಜಿನ ಹೊಸ ವಿದ್ಯಾರ್ಥಿಗಳಿಂದ ಮೇಷ್ಟ್ರು ಮೊದಲ ವಾರವೇ ಒಂದು ಘಟನೆಯನ್ನು ಬೈಬಲಿನ ಮೂರು ಸುವಾರ್ತೆಗಳಿಂದ ತೆಗೆಸಿ, ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಸಿದರು. ಒಂದೇ ಆಗಿದ್ದ ಪದಗಳ ಕೆಳಗೆ ಕೆಂಪು ಗೆರೆ ಎಳೆಸಿದರು. ಬೋರ್ಡೆಲ್ಲ ಕೆಂಪಾಯಿತು. ಕಣ್ಣಾರೆ ಕಂಡ ಮೂವರು ಮೂರು ಥರ ಹೇಳುತ್ತಾರೆ, ಪದಕ್ಕೆ ಪದ ಕೂಡಿಬಂದರೆ ಒಬ್ಬರಿಂದ ಇನ್ನೊಬ್ಬರು ತೆಗೆದುಕೊಂಡಿದ್ದಾರೆ ಎಂದು ತಿಳಿಯಿರಿ ಎಂದರು. ಹಾಗಂತ ಅದು ಸುಳ್ಳೇ ಆಗಬೇಕಿಲ್ಲ, ಮೂಲ ಯಾವುದೆಂದು ಹುಡುಕಬೇಕು, ಅಷ್ಟೇ ಎಂದೂ ಸೇರಿಸಿದರು.

ಹಿಂದಿನ ಬೆಂಚಿನಲ್ಲಿದ್ದ, ಚರ್ಚಿನ ಸಭಾಪಾಲಕರೊಬ್ಬರ ಮಗಳಿಗೆ ತನ್ನ ಮನೆಯ ಮೂವರು ನೆನಪಾದರು. ಈ ಕಾಲೇಜು ಸೇರುವ ವಿಷಯಕ್ಕೇ ಅವಳು ಅಮ್ಮನ ಜೊತೆ ಜಗಳವಾಡಿ ಮಾತು ಬಿಟ್ಟಿದ್ದಳು. ರಾಜಿಯಾಗುವ ಮೊದಲೇ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಳು. ಇವಳು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಅಪ್ಪ ಹೇಳಿದ ಮಾತೊಂದನ್ನು ನೆಚ್ಚಿಕೊಂಡೇ ಇವಳು ಇಲ್ಲಿ ಬಂದು ಕೂತಿದ್ದು: "ಮಗಳ ಮೇಲೆ ಕೋಪ ಇಲ್ಲ, ಸಮಾಧಾನದಿಂದ ಓದಲಿ ಅಂದಳು, ಕಣ್ಣು ಮುಚ್ಚಿದಳು." ಅಣ್ಣನೂ ಅದನ್ನೇ ಹೇಳಿದ್ದ. ಚಿಕ್ಕಮ್ಮನೂ ಅದನ್ನೇ, ಅಷ್ಟನ್ನೇ. ಒಂದು ವಿಷಯಕ್ಕೆ ಹತ್ತು ಮಾತು ಪೋಣಿಸುವ ಹೆಂಗಸು ಅವಳು.

ಪಾಠವನ್ನು ಪಾಠಕ್ಕೇ ಬಿಟ್ಟು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಹೊಸದಾಗಿ ಕಲಿತವರ ಕೈ ಸುಮ್ಮನಿರುವುದಿಲ್ಲ ನೋಡಿ. ರಜೆಗೆ ಮನೆಗೆ ಹೋದವಳು ಚಿಕ್ಕಮ್ಮನನ್ನು ಅಡುಗೆಮನೆಯಲ್ಲಿ ಹಿಡಿದಳು. ಅಮ್ಮನ ದನಿ ಹೇಗಿತ್ತು, ಯಾರ ಕೈ ಹಿಡಿದಿದ್ದಳು ಎಂದು ಕೆದಕಿದಳು. ಚಿಕ್ಕಮ್ಮ ಅದೇ ವಾಕ್ಯ ಒಪ್ಪಿಸಿ, ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸತೊಡಗಿದಳು. ಅಣ್ಣನಂತೂ ಅಪ್ಪನನ್ನೇ ಕೇಳು ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಅಪ್ಪ ಭಾನುವಾರ ಚರ್ಚಿನಲ್ಲಿ ಹೇಳಬೇಕಾದ ಪ್ರಸಂಗ ಬರೆಯುತ್ತಿದ್ದರು. ಅವಳು ಕೇಳಿದಾಗ ಪೆನ್ನಿನ ಮುಚ್ಚಳ ಹಾಕಿದರು. ಎರಡನೇ ಸಲ ಸುಳ್ಳು ಹೇಳಲು ಅವರಿಗೆ ಬಾಯಿ ಬರಲಿಲ್ಲ.

"ಯಾರೂ ಇರಲಿಲ್ಲ ಮಗಳೇ. ನಿದ್ದೆ ಹತ್ತಿದೆ ಅಂದ್ರು ನರ್ಸು. ನಾವು ಮೂರೂ ಜನ ಕೆಳಗೆ ಕಾಫಿ ಕುಡಿಯೋಕೆ ಹೋಗಿದ್ವಿ. ಬರೋಷ್ಟರಲ್ಲಿ ಹೋಗ್ಬಿಟ್ಟಿದ್ಳು. ನಿನ್ನ ಅಳು ನೋಡೋಕಾಗ್ಲಿಲ್ಲ. ಆ ಮಾತು ನಾನೇ ಕಟ್ಟಿದ್ದು. ಅವರಿಗೂ ಹೇಳಿಕೊಟ್ಟೆ."

ಅವಳಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಅಮ್ಮ ಅದಕ್ಕೂ ಮುಂಚೆ, ಎಂದಾದರೂ, ತನ್ನ ಸುದ್ದಿ ಎತ್ತಿದ್ದಳೇ ಎಂದು ಕೇಳಿದಳು. ಅಪ್ಪ ಇಲ್ಲವೆಂದು ತಲೆಯಾಡಿಸಿದರು.

"ಕೇಳಿದ್ರೆ ಕೋಪ ಇಲ್ಲ ಅಂತಾನೇ ಅಂದಿರ್ತಿದ್ಳು" ಎಂದರು.

"ಮತ್ತೆ ಯಾಕಪ್ಪ ಕೇಳಲಿಲ್ಲ?"

ಅಪ್ಪ ಬರೆದ ಹಾಳೆಗಳನ್ನು ಮಡಚಿಟ್ಟರು.

"ಇದೆ ಅಂದ್ಬಿಟ್ರೆ ಅಂತ ಹೆದರಿದೆ."